ಎಚ್ಚರವಾಗಿರುವ ಮಗು, ಮಲಗಿರುವ ಗಂಡ

ಕೇಳುಗರಿಗೆ ನಮಸ್ಕಾರ.

ಬಾಣಂತನ ಮುಗಿಸಿಕೊಂಡು ತವರಿನಿಂದ ಗಂಡನ ಮನೆಗೆ ಬಂದಿರುವ ಹೆಣ್ಣುಮಕ್ಕಳ ಜೊತೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ಅವರ ಗಂಡಂದಿರು ಪಕ್ಕದಲ್ಲಿದ್ದರೆ ಅವರೂ ಕೇಳಲಿ. ಅತ್ತೆಯವರೂ ಕೇಳಲಿ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮಲ್ಲಿ ರೂಢಿ. ಮೂರು ತಿಂಗಳೋ ಐದು ತಿಂಗಳೋ ಅಮ್ಮ, ಅಜ್ಜಿ, ಚಿಕ್ಕಮ್ಮ ಸೇರಿ ನೋಡಿಕೊಳ್ಳುತ್ತಾರೆ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಹೊತ್ತಿಗೆ ಸರಿಯಾಗಿ ಊಟ. ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಯಾರಾದರೂ ಎದ್ದು ಬರುತ್ತಾರೆ. ಗಂಡ ಭಾನುವಾರ ಬಂದು, ಮಗುವನ್ನು ಮುದ್ದು ಮಾಡಿ, ಫೋಟೊ ತೆಗೆದುಕೊಂಡು ಸಂಜೆ ಬಸ್ಸಿಗೆ ಹೊರಡುತ್ತಾನೆ. ಆಮೇಲೆ ಒಂದು ಒಳ್ಳೆಯ ದಿನ ನೋಡಿ ತಾಯಿಯನ್ನೂ ಮಗುವನ್ನೂ ಗಂಡನ ಮನೆಗೆ ಕರೆದುಕೊಂಡು ಹೋಗುತ್ತಾರೆ.

ಹೆಚ್ಚುಕಮ್ಮಿ ಅದೇ ಹೊತ್ತಿಗೆ, ನಾಲ್ಕನೇ ತಿಂಗಳ ಆಸುಪಾಸು, ಮಗುವಿನ ನಿದ್ದೆಯ ಬಗೆ ಬದಲಾಗುತ್ತದೆ. ಒಂದೇ ಸಮ ನಾಲ್ಕು ಗಂಟೆ ಮಲಗುತ್ತಿದ್ದ ಎಷ್ಟೋ ಮಕ್ಕಳು ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಏಳಲು ಶುರು ಮಾಡುತ್ತವೆ. ಜೊತೆಗೆ ಹೊಸ ಮನೆ, ಹೊಸ ದನಿಗಳು. "ತವರಲ್ಲಿ ಚೆನ್ನಾಗಿಯೇ ಮಲಗ್ತಿತ್ತಂತೆ, ಇಲ್ಲಿ ಯಾಕೆ ಹೀಗೆ?" ಅಂತ ಒಬ್ಬರು. "ಹಾಲು ಸಾಲ್ತಿಲ್ಲ" ಅಂತ ಇನ್ನೊಬ್ಬರು. ಗಂಡ "ನನಗೆ ಬೆಳಿಗ್ಗೆ ಡ್ಯೂಟಿ ಇದೆ" ಅಂತ ದಿಂಬು ತಗೊಂಡು ಹಾಲ್‌ಗೆ ಹೋಗಿ ಮಲಗುತ್ತಾನೆ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಲಸಿಕೆ ಹಾಕಿಸಲು ಬರುವ ತಾಯಂದಿರು ಮಗುವಿನ ತೂಕದ ವಿಷಯ ಕೇಳಿ ಮುಗಿಸಿ, ಕೊನೆಗೆ ಹೇಳಿಕೊಳ್ಳುತ್ತಿದ್ದದ್ದು ಇದನ್ನೇ.

ಮೊದಲು ಮಗುವಿನ ಕಡೆಯ ಮಾತು. ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡು ತುಂಡಾಗಿ. ಹಗಲು ಯಾವುದು, ರಾತ್ರಿ ಯಾವುದು ಅನ್ನುವುದು ಅದರ ಮೈಗೆ ತಿಳಿಯಲು ಎರಡು ಮೂರು ತಿಂಗಳಾದರೂ ಬೇಕು. ಎದೆಹಾಲು ಬೇಗ ಅರಗುತ್ತದೆ, ಅದಕ್ಕೇ ಎಳೆ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕೇಳುತ್ತದೆ. ರಾತ್ರಿ ಕುಡಿಸುವುದರಿಂದ ತಾಯಿಗೆ ಹಾಲು ಕಡಿಮೆಯಾಗದೆ ಉಳಿಯುತ್ತದೆ. ಮಗುವಿನ ತೂಕ ಏರುತ್ತಿದ್ದರೆ, ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ಯುತ್ತಿದ್ದರೆ, ಹಾಲು ಸಾಲುತ್ತಿದೆ ಎಂದೇ ಅರ್ಥ. ಮತ್ತೆ ಮತ್ತೆ ಏಳುವುದು ನಿಮ್ಮ ತಪ್ಪೂ ಅಲ್ಲ, ಮಗುವಿನ ಕೆಟ್ಟ ಅಭ್ಯಾಸವೂ ಅಲ್ಲ.

ಮಲಗಲಿ ಅಂತ ಬಜೆ, ಜಾಯಿಕಾಯಿ ತೇದು ನೆಕ್ಕಿಸಬೇಡಿ. ಕೆಮ್ಮಿನ ಸಿರಪ್ಪು ಹಾಕಬೇಡಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ, ಯಾವ ವಯಸ್ಸಿನ ಕೂಸೇ ಆಗಲಿ ಹಾಲು ಬಿಟ್ಟರೆ, ಹಸಿರು ವಾಂತಿ ಮಾಡಿದರೆ, ಅದು ನಿದ್ದೆಯ ವಿಷಯ ಅಲ್ಲ. ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಇನ್ನು ಗಂಡನ ವಿಷಯ.

ಮಗು ರಾತ್ರಿ ಏಳುವುದನ್ನು ತಾಯಂದಿರು ತಡೆದುಕೊಳ್ಳುತ್ತಾರೆ. ಪಕ್ಕದಲ್ಲಿ ಒಬ್ಬರು ಗೊರಕೆ ಹೊಡೆಯುತ್ತಿರುವಾಗ ತಾನೊಬ್ಬಳೇ ಎದ್ದಿರುವುದು ಅವರನ್ನು ಒಳಗಿಂದ ಮುರಿಯುತ್ತದೆ. ನಮ್ಮ ದೇಶದಲ್ಲಿ 2019ರಲ್ಲಿ ಸರ್ಕಾರವೇ ಒಂದು ಸಮೀಕ್ಷೆ ಮಾಡಿತು, ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ. ಅಡುಗೆ, ಬಟ್ಟೆ, ಪಾತ್ರೆಯಂಥ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಆ ಕೆಲಸಕ್ಕೆ ಕೈ ಹಾಕುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಕೈಯನ್ನೇ ಹಾಕದ ಗಂಡಸರು ಈ ಲೆಕ್ಕದಲ್ಲಿ ಇಲ್ಲ. ಮಕ್ಕಳ ಆರೈಕೆ ಇದಕ್ಕೆ ಸೇರಿಲ್ಲ, ಅದು ಬೇರೆಯೇ ಲೆಕ್ಕ. "ನೀನು ಮನೇಲೇ ಇರ್ತೀಯಲ್ಲ" ಅನ್ನುವವರು ಈ 299 ನಿಮಿಷವನ್ನು ಒಂದು ಸಲ ಯೋಚಿಸಬೇಕು.

ಹಾಗಂತ ಹೀಗೆ ಮಲಗುವ ಗಂಡಸರೆಲ್ಲ ಕಲ್ಲುಮನಸ್ಸಿನವರು ಅಂತ ನಾನು ಹೇಳುವುದಿಲ್ಲ. ಎಷ್ಟೋ ಜನ ಮೊದಲ ಮೂರು ತಿಂಗಳ ರಾತ್ರಿಗಳನ್ನು ನೋಡಿಯೇ ಇರುವುದಿಲ್ಲ. ಕತ್ತು ಹಿಡಿದು ಎತ್ತುವುದು, ತೇಗು ಬರಿಸುವುದು, ಲಂಗೋಟಿ ಕಟ್ಟುವುದು, ಯಾವುದನ್ನೂ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮಗು ಮನೆಗೆ ಬರುವ ಹೊತ್ತಿಗೆ ಹೆಂಡತಿಗೆ ಎಲ್ಲ ಗೊತ್ತಿರುತ್ತದೆ, ಗಂಡನಿಗೆ ಏನೂ ಗೊತ್ತಿರುವುದಿಲ್ಲ. ಗೊತ್ತಿಲ್ಲದವನು ಹೆದರಿ ಹಿಂದೆ ಸರಿಯುತ್ತಾನೆ, ಆಮೇಲೆ ಅದೇ ರೂಢಿಯಾಗಿಬಿಡುತ್ತದೆ. ಅದಕ್ಕೇ, ಇನ್ನೂ ತವರಿನಲ್ಲಿರುವವರು ಗಂಡನನ್ನು ವಾರದಲ್ಲಿ ಒಂದು ರಾತ್ರಿಯಾದರೂ ಅಲ್ಲೇ ಉಳಿಸಿಕೊಳ್ಳಿ, ಮಗುವಿನ ಪಕ್ಕದಲ್ಲೇ ಮಲಗಿಸಿ. ಅಳಿಯಂದಿರಿಗೆ ತೊಂದರೆ ಆಗುತ್ತೆ ಅಂತ ಮಹಡಿ ಕೋಣೆ ಕೊಡುವ ಉಪಚಾರ ಈಗ ಬೇಡ. ಕೇಂದ್ರ ಸರ್ಕಾರದ ಕೆಲಸದಲ್ಲಿರುವ ಗಂಡಸರಿಗೆ 15 ದಿನ ಪಿತೃತ್ವ ರಜೆ ಇದೆ. ಅದನ್ನು ಹೆರಿಗೆಯಾಗಿ ಆರು ತಿಂಗಳೊಳಗೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ತಾಯಿ ಮಗು ಮನೆಗೆ ಬರುವ ದಿನಕ್ಕೆ ಆ ರಜೆಯನ್ನು ಉಳಿಸಿಟ್ಟುಕೊಂಡರೆ ಎಷ್ಟು ಒಳ್ಳೆಯದು, ಅಲ್ವಾ? ಖಾಸಗಿ ಕಂಪನಿಗಳಿಗೆ ಇಂಥ ಕಾನೂನೇ ಇಲ್ಲ. ಇದು ಬದಲಾಗಬೇಕು.

ಗಂಡನ ಹತ್ತಿರ ಯಾವಾಗ ಮಾತಾಡಬೇಕು? ರಾತ್ರಿ ಎರಡು ಗಂಟೆಗೆ ಬೇಡ. ಆಗ ಇಬ್ಬರ ಬಾಯಲ್ಲೂ ಬರಬಾರದ್ದು ಬರುತ್ತದೆ. ಅತ್ತೆ ಮಾವನ ಎದುರಿಗೂ ಬೇಡ, ಅಲ್ಲಿ ಅವರು ಮಗನಾಗಿರುತ್ತಾರೆ. ರಜೆಯ ದಿನ, ಇಬ್ಬರೂ ಊಟ ಮಾಡಿದ ಮೇಲೆ ಮಾತಾಡಿ. "ಸ್ವಲ್ಪ ನೋಡ್ಕೋಬಾರದಾ" ಅಂದರೆ ಯಾರಿಗೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಹೊತ್ತು ಹೇಳಿ, ಕೆಲಸ ಹೇಳಿ. "ರಾತ್ರಿ ಒಂಬತ್ತಕ್ಕೆ ಹಾಲು ಕುಡಿಸಿ ನಾನು ಮಲಗ್ತೀನಿ. ಹನ್ನೆರಡರ ತನಕ ಮಗು ನಿಮ್ಮ ಹತ್ತಿರ ಇರಲಿ. ಹಾಲಿಗೆ ಮಾತ್ರ ಎಬ್ಬಿಸಿ." ಹೀಗೆ. ಒಂದೇ ಸಮ ಮೂರು ಗಂಟೆ ನಿದ್ದೆ ಸಿಕ್ಕಿದ ತಾಯಿ ಬೆಳಿಗ್ಗೆ ಬೇರೆಯೇ ಮನುಷ್ಯಳಾಗಿ ಏಳುತ್ತಾಳೆ. ಹಾಲು ಹಿಂಡಿ ಇಟ್ಟರೆ ಗಂಡ ಒಳಲೆಯಲ್ಲಿ ಕುಡಿಸಬಹುದು. ಕೋಣೆಯ ಬಿಸಿ 25 ಡಿಗ್ರಿ ಒಳಗಿದ್ದರೆ ಹಿಂಡಿದ ಹಾಲು 4 ಗಂಟೆ ಕೆಡುವುದಿಲ್ಲ. ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿ ಇಡಿ.

ಒಮ್ಮೆ ಒಪ್ಪಿಸಿದ ಮೇಲೆ ನೀವು ಬಾಗಿಲಲ್ಲಿ ನಿಂತು ತಿದ್ದಬೇಡಿ. ಲಂಗೋಟಿ ಸಡಿಲವಾಗಿರಲಿ, ಜೋಗುಳದ ಬದಲು ಕ್ರಿಕೆಟ್ ಕಾಮೆಂಟರಿಯೇ ಹೇಳಲಿ. ಅಪ್ಪನ ತೋಳಿನಲ್ಲಿ ಮಗು ಸ್ವಲ್ಪ ಹೊತ್ತು ಅತ್ತರೆ ಏನೂ ಆಗುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಸಡಿಲ ಬೇಡ: ಮಲಗಿಸುವಾಗ ಅಂಗಾತ, ಗಟ್ಟಿ ಹಾಸಿಗೆ ಮೇಲೆ, ದಿಂಬು ಇಲ್ಲದೆ. ಎತ್ತಿಕೊಂಡವರು ಸೋಫಾದಲ್ಲಿ ಕೂತು ನಿದ್ದೆ ಹೋಗಬಾರದು.

ಏನು ಹೇಳಿದರೂ ಏಳದ ಗಂಡನೂ ಇರುತ್ತಾನೆ. ಅಂಥ ಗಂಡ ಇರುವವರು 6, 10, 14 ವಾರದ ಲಸಿಕೆಗೆ, ಅದು ಮುಗಿದಿದ್ದರೆ ಮುಂದಿನ ಯಾವುದೇ ತಪಾಸಣೆಗೆ, ಗಂಡನನ್ನು ಕರೆದುಕೊಂಡೇ ಹೋಗಿ. ಅವರ ಎದುರಿಗೇ ಡಾಕ್ಟರ ಹತ್ತಿರ ನಿಮ್ಮ ನಿದ್ದೆಯ ವಿಷಯ ಎತ್ತಿ. ಹೆಂಡತಿ ಹೇಳಿದರೆ ದೂರು ಅನ್ನಿಸುವ ಮಾತು ಡಾಕ್ಟರ ಬಾಯಲ್ಲಿ ಬಂದರೆ ಕೆಲವರ ಕಿವಿಗೆ ಬೀಳುತ್ತದೆ. ಆಶಾ ಕಾರ್ಯಕರ್ತೆ ಮಗುವನ್ನು ನೋಡಲು ಮೊದಲ 42 ದಿನಗಳಲ್ಲಿ ಹಲವು ಸಲ, ಆಮೇಲೆ ಮೂರು ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ. ಅವರ ಹತ್ತಿರವೂ ಹೇಳಿ. ಅಕ್ಕನನ್ನೋ ಅಮ್ಮನನ್ನೋ ಒಂದು ವಾರ ಕರೆಸಿಕೊಳ್ಳಿ. ನೆಲ ಒರೆಸುವುದು ಎರಡು ದಿನ ನಿಂತರೆ ನಿಲ್ಲಲಿ, ಮಗು ಮಲಗಿದಾಗ ನೀವೂ ಮಲಗಿ. ಅತ್ತೆಯವರೇ, ಆ ಹೊತ್ತಿನಲ್ಲಿ ಸೊಸೆಯನ್ನು ಎಬ್ಬಿಸಬೇಡಿ, ದಯವಿಟ್ಟು.

ನಿದ್ದೆಗೆಟ್ಟು ಮಗುವಿನ ಮೇಲೆ ಸಿಟ್ಟು ಉಕ್ಕಿ ಬಂದರೆ, ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಹೊರಗೆ ಬಂದು ಐದು ಹತ್ತು ನಿಮಿಷ ಕೂತು ನೀರು ಕುಡಿಯಿರಿ. ಮಗುವನ್ನು ಕುಲುಕಬೇಡಿ, ಯಾರೂ ಕುಲುಕಬಾರದು. ಮೆದುಳಿಗೆ ಪೆಟ್ಟಾಗಿ ಜೀವಕ್ಕೇ ಅಪಾಯ.

ಮಗು ಮಲಗಿದರೂ ನಿಮಗೆ ನಿದ್ದೆ ಬರುತ್ತಿಲ್ಲವಾ? ಎರಡು ವಾರಕ್ಕಿಂತ ಜಾಸ್ತಿ ದಿನ ಸುಮ್ನೆ ಅಳು ಬರುತ್ತಾ ಇದೆಯಾ? ಬದುಕು ಬೇಡ ಅನ್ನಿಸುತ್ತಿದೆಯಾ? ಹೆರಿಗೆಯ ನಂತರದ ಖಿನ್ನತೆ ಹೀಗೇ ಇರುತ್ತದೆ. ಭಾರತದ ಹಲವು ಅಧ್ಯಯನಗಳನ್ನು ಸೇರಿಸಿ 2017ರಲ್ಲಿ ಲೆಕ್ಕ ಹಾಕಿದಾಗ ನೂರು ಬಾಣಂತಿಯರಲ್ಲಿ ಸುಮಾರು 22 ಜನರಿಗೆ ಇದು ಕಂಡಿತ್ತು. ಇದಕ್ಕೆ ಚಿಕಿತ್ಸೆ ಇದೆ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಿಭಾಗವೇ ಇದೆ.

ಮನೆಯಿಂದಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಮಗು ಏಳುವ ನಡುರಾತ್ರಿಯಲ್ಲೂ ಫೋನ್ ಎತ್ತುತ್ತಾರೆ. ನಂಬರು 14416. ಗಂಡ ಬೈಯುವುದು, ಹೊಡೆಯುವುದು ನಡೆಯುತ್ತಿದ್ದರೆ ಮಹಿಳಾ ಸಹಾಯವಾಣಿ 181. ಇನ್ನೊಂದು ಸಲ ಹೇಳುತ್ತೇನೆ, ಬರೆದುಕೊಳ್ಳಿ. ಟೆಲಿ ಮಾನಸ್, ಒಂದು ನಾಲ್ಕು ನಾಲ್ಕು ಒಂದು ಆರು. ಮಹಿಳಾ ಸಹಾಯವಾಣಿ, ಒಂದು ಎಂಟು ಒಂದು.

ನಮಸ್ಕಾರ.