ಕೈಗಾ ಕರೆಂಟಿನ ರೇಟು ಯುರೇನಿಯಂದಲ್ಲ, ಬಡ್ಡಿದು

ನಮಸ್ಕಾರ. ಹೋದ ಎಪಿಸೋಡಿಗೆ ಶಿರಸಿ ಕಡೆಯವರೊಬ್ರು ಕಾಮೆಂಟ್ ಹಾಕಿದಾರೆ: "ಕೈಗಾಕ್ಕೆ ಒಂದು ಹಿಡಿ ಯುರೇನಿಯಂ ಸಾಕು, ಕರೆಂಟು ಪುಗಸಟ್ಟೆ ಕೊಡ್ಬೇಕು." ಅದಕ್ಕೆ ರಾಶಿ ಲೈಕು ಬೇರೆ!

ಹಿಡಿ ಅಂತೆ. ಕೈಗಾ ಅಣು ವಿದ್ಯುತ್ ಸ್ಥಾವರದ 220 ಮೆಗಾವಾಟಿನ ಒಂದು ರಿಯಾಕ್ಟರ್ ಫುಲ್ ಲೋಡಲ್ಲಿ ದಿನಕ್ಕೆ ಸುಮಾರು 110 ಕೆಜಿ ಸಹಜ ಯುರೇನಿಯಂ ಕೇಳ್ತದೆ. ಅದು ಬರೋದು ಅರ್ಧ ಮೀಟರ್ ಉದ್ದದ ಬಂಡಲಲ್ಲಿ, ಒಳಗೆ ಯುರೇನಿಯಂ ತುಂಬಿದ 19 ಕಡ್ಡಿ. ಬಂಡಲ್ ಕೂರೋ 306 ಕೊಳವೆ, ಅಂದ್ರೆ ಚಾನೆಲ್‌ಗಳಲ್ಲಿ ಒಂದನ್ನ ಆರಿಸಿ ಎರಡೂ ತುದಿಗೆ ಫ್ಯುಯೆಲಿಂಗ್ ಮೆಷಿನ್ ಕಚ್ಚಿಸ್ತಾರೆ. ಈಚೆಯಿಂದ ಹೊಸ ಬಂಡಲ್ ದೂಡಿದ್ರೆ ಆಚೆಯಿಂದ ಉರಿದದ್ದು ಹೊರಗೆ. ರಿಯಾಕ್ಟರ್ ನಿಲ್ಲಿಸೋದೇ ಬೇಡ. ಅದಕ್ಕೇ ಕೈಗಾ ಒಂದನೇ ಘಟಕ 2018ರ ಡಿಸೆಂಬರ್ ತನಕ 962 ದಿನ ಒಂದೇ ಸಮ ಓಡಿದ್ದು.

ಆದ್ರೆ ರೇಟು ಕಟ್ಟೋದು ಆ ಬಂಡಲ್ ಅಲ್ಲ ಮಾರಾಯ್ರೆ. ಬಡ್ಡಿ.

ಲೆಕ್ಕ ಹಾಕಿ. 2017ರಲ್ಲಿ ಕೇಂದ್ರ 700 ಮೆಗಾವಾಟಿನ ಹತ್ತು ರಿಯಾಕ್ಟರ್‌ಗೆ ಒಪ್ಪಿಗೆ ಕೊಡ್ತು, ಅಂದಾಜು 1,05,000 ಕೋಟಿ. ಕೈಗಾದ 5, 6 ಅದರಲ್ಲೇ ಬರ್ತವೆ. ಒಂದಕ್ಕೆ 10,500 ಕೋಟಿ. ನೂರಕ್ಕೆ ಎಪ್ಪತ್ತು ಸಾಲ, ಬಡ್ಡಿ ನೂರಕ್ಕೆ ಎಂಟು ಅಂತ ಇಟ್ಕೊಳ್ಳಿ. ಸಾಲ ಪೂರ್ತಿ ಎತ್ತಿದ ಮೇಲೆ ದಿನಕ್ಕೆ 1.6 ಕೋಟಿ ಬಡ್ಡಿ. ದಿನಕ್ಕೆ! ಒಂದು ಯೂನಿಟ್ ಕರೆಂಟ್ ಹುಟ್ಟೋ ಮೊದ್ಲೇ. ಅದು ಅಸಲಿಗೆ ಸೇರ್ತದೆ, ಆಮೇಲೆ ನಿಮ್ಮ ಬಿಲ್ಲಿಗೆ. ಸೊಸೈಟಿ ಸಾಲ ತೆಗೆದು ಅಡಿಕೆ ಸಸಿ ನೆಟ್ಟವರಿಗೆ ಇದು ಬಿಡಿಸಿ ಹೇಳ್ಬೇಕಾ? ಫಸಲು ಬರೋ ತನಕ ಗೊಬ್ಬರಕ್ಕಿಂತ ಬಡ್ಡಿಯೇ ಭಾರ.

ಕೈಗಾದಲ್ಲೇ ನೋಡಿ. ಒಂದು, ಎರಡನೇ ಘಟಕದ ಕೆಲಸ ಶುರುವಾಗಿದ್ದು 1989ರಲ್ಲಿ. 1994ರ ಮೇನಲ್ಲಿ ಕಟ್ತಾ ಇದ್ದ ರಿಯಾಕ್ಟರ್ ಕಟ್ಟಡದ ಗುಮ್ಮಟದ ಒಳಪದರದ ಕಾಂಕ್ರೀಟ್ ಕಳಚಿ ಬಿತ್ತು. ವಿನ್ಯಾಸ ತಿದ್ದಿ, ಮತ್ತೆ ಕಟ್ಟಿ, ವಾಣಿಜ್ಯ ಉತ್ಪಾದನೆಗೆ ಬರೋವಾಗ 2000 ಇಸವಿ. ಮೂರನೇ ಘಟಕ? 2002ಕ್ಕೆ ಕಾಂಕ್ರೀಟ್, 2007ಕ್ಕೆ ಕರೆಂಟ್. ಅದೇ ಕಾಡು, ಅದೇ ಕದ್ರಾ ಹಿನ್ನೀರು, ಅದೇ 220 ಮೆಗಾವಾಟ್. ಎಲ್ಲಿ ಬಡ್ಡಿ ಕಡಿಮೆ ಅಂತ ನೀವೇ ಹೇಳಿ.

"ನಾಲ್ಕನೇದು ಯುರೇನಿಯಂ ಇಲ್ದೇ ಕಾದು ಕೂತಿತ್ತಲ್ಲ, 2011ರ ತನಕ?" ಹೌದಪ್ಪ, ಕೂತಿತ್ತು! ಕೂತಾಗ ಏನಾಗ್ತದೆ? ಬಡ್ಡಿ ಓಡ್ತದೆ! ನನ್ನ ಮಾತನ್ನೇ ನಂಗೆ ವಾಪಸ್ ಕೊಡ್ತೀರಲ್ಲ.

ಇನ್ನೊಬ್ರು ಸೋಲಾರ್ ಪಂಡಿತ್ರು, ಯೂನಿಟ್ಟಿಗೆ ಎರಡೂವರೆ ರೂಪಾಯಿ ಅಂತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಸರಿ. ಆಷಾಢದಲ್ಲಿ ಕಾರವಾರಕ್ಕೆ ಬನ್ನಿ, ನಿಮ್ಮ ಪ್ಯಾನೆಲ್ ಕೆಳಗೆ ಹಪ್ಪಳ ಒಣಗಿಸುವಾ. ಬ್ಯಾಟರಿ ಹಾಕ್ತೀರಾ? ಹಾಕಿ. ಅದಕ್ಕೂ ಸಾಲ, ಅದಕ್ಕೂ ಬಡ್ಡಿ.

"ಕೈಗಾ ಪಕ್ಕದಲ್ಲಿದ್ರೂ ನಮ್ಮೂರಲ್ಲಿ ಕರೆಂಟಿಲ್ಲ" ಅನ್ನೋರೇ, 11 ಕೆವಿ ಲೈನ್ ಮೇಲೆ ಟೊಂಗೆ ಬಿದ್ರೆ ರಿಯಾಕ್ಟರ್ ಬಂದು ಕಡೀಬೇಕಾ? ಐದು-ಆರನೇ ಘಟಕ ಯಾವ ತಾರೀಕಿಗೆ ಮುಗೀತದೆ ಅಂತ ಕೇಳಿ. ಅದೊಂದೇ ಕೇಳಿ. ಯಾಕೆ? ಬಡ್ಡಿ! ಸಬ್‌ಸ್ಕ್ರೈಬ್ ಆಗಿ ಮಾರಾಯ್ರೆ, ಅದಕ್ಕಂತೂ ಬಡ್ಡಿ ಇಲ್ಲ. ಮುಂದಿನ ವಾರ ಭಾರಜಲ. ಅದನ್ನ ಕುಡೀಬಹುದಾ ಅಂತ ಈಗ್ಲೇ ಕಾಮೆಂಟ್ ಹಾಕ್ಬೇಡಿ.