ಗದಗ–ಧಾರವಾಡ ಪ್ಯಾಸೆಂಜರ್: ಮೊದಲು ವೇಳಾಪಟ್ಟಿ, ಆಮೇಲೆ ಬೋಗಿ

ನಮಸ್ಕಾರ. ಗದಗ, ಅಣ್ಣಿಗೇರಿ, ಕುಂದಗೋಳ, ಹಾವೇರಿ ಕಡೆಯಿಂದ ದಿನವೂ ಹುಬ್ಬಳ್ಳಿ-ಧಾರವಾಡಕ್ಕೆ ಓಡಾಡುವವರ ರೈಲಿನ ಬಗ್ಗೆ ಇಂದು ಮಾತನಾಡುತ್ತೇನೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ದೇಶದ ಪ್ಯಾಸೆಂಜರ್ ರೈಲುಗಳೆಲ್ಲ ನಿಂತವು. ಅವು ಮತ್ತೆ ಹಳಿಗೆ ಬಂದಾಗ 10 ರೂಪಾಯಿಯ ಕನಿಷ್ಠ ಟಿಕೆಟ್ 30 ರೂಪಾಯಿ ಆಗಿತ್ತು; ಹಳೆಯ ದರಕ್ಕಾಗಿ 2024ರ ಫೆಬ್ರುವರಿವರೆಗೆ ಕಾಯಬೇಕಾಯಿತು. ದರವೇನೋ ಇಳಿಯಿತು. ಆದರೆ ಹತ್ತು ಗಂಟೆಯ ಕಚೇರಿಗೆ, ಹೈಕೋರ್ಟ್ ಪೀಠಕ್ಕೆ, ವಿಶ್ವವಿದ್ಯಾಲಯಕ್ಕೆ ಹೋಗುವವರು ಕೇಳುವುದು ದಿನಕ್ಕೆ ಎಷ್ಟು ರೈಲುಗಳಿವೆ ಎಂದಲ್ಲ. ಒಂಬತ್ತೂವರೆಯೊಳಗೆ ಧಾರವಾಡ ಮುಟ್ಟಿಸುವ, ಸಂಜೆ ಆರರ ಸುಮಾರಿಗೆ ಅಲ್ಲಿಂದ ಹೊರಡುವ ರೈಲು ಇದೆಯೇ, ಅದು ವಾರದ ಆರೂ ದಿನ ಅದೇ ವೇಳೆಗೆ ಬರುತ್ತದೆಯೇ ಎಂದು. ಸೇವೆಯನ್ನು ಮರಳಿ ಕಟ್ಟುವ ಯೋಜನೆ ಈ ಪ್ರಶ್ನೆಯಿಂದಲೇ ಶುರುವಾಗಬೇಕು ಎನ್ನುವುದು ನನ್ನ ವಾದ.

ಹಳಿ ಸಾಲದು ಎಂಬ ನೆಪವನ್ನು ಈಗ ಮೊದಲಿನಷ್ಟು ಒಪ್ಪಲಾಗದು. ಗದಗ–ಹುಬ್ಬಳ್ಳಿ–ಧಾರವಾಡ ಜೋಡಿ ಮಾರ್ಗವಾಗಿದೆ. 2023ರ ಮಾರ್ಚ್‌ನಲ್ಲಿ, ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದ ದಿನವೇ, ಹೊಸಪೇಟೆ–ಹುಬ್ಬಳ್ಳಿ–ತಿನೈಘಾಟ್ ವಿದ್ಯುತ್ ಮಾರ್ಗವೂ ಲೋಕಾರ್ಪಣೆಯಾಯಿತು. ಆದರೂ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಗೋವಾದ ಮುರ್ಮಗೋವಾ ಬಂದರಿನಿಂದ ಬರುವ ಕಲ್ಲಿದ್ದಲಿನ ಗೂಡ್ಸ್‌ಗೂ, ದೂರದ ಎಕ್ಸ್‌ಪ್ರೆಸ್‌ಗಳಿಗೂ ದಾರಿ ಬಿಡಬೇಕಾಗಿ ಬಂದಾಗ ಲೂಪ್ ಲೈನಿಗೆ, ಅಂದರೆ ನಿಲ್ದಾಣದ ಪಕ್ಕದ ಹಳಿಗೆ, ಸರಿಯುವುದು ನಮ್ಮ ಪ್ಯಾಸೆಂಜರೇ. ಹುಬ್ಬಳ್ಳಿ ಔಟರ್‌ನಲ್ಲಿ, ನಿಲ್ದಾಣದ ಹೊರಗಿನ ಸಿಗ್ನಲ್ ಬಳಿ, ಗಾಡಿ ನಿಂತಿತೆಂದರೆ, ಬಾಗಿಲಲ್ಲಿದ್ದವರು ಚೀಲವನ್ನು ಕುತ್ತಿಗೆಗೆ ಹಾಕಿಕೊಂಡು ಜಲ್ಲಿಯ ಮೇಲೆ ಜಿಗಿದು, ಪಕ್ಕದ ಹಳಿಯ ಮೇಲೆ ಏನಾದರೂ ಬರುತ್ತಿದೆಯೇ ಎಂದು ನೋಡುತ್ತ ನಡೆದೇ ಹೊರಡುತ್ತಾರೆ. ಹಾಜರಿ ಪುಸ್ತಕದ ಭಯ ಜೀವದ ಭಯವನ್ನು ಮೀರಬಾರದು. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಗೂಡ್ಸ್‌ಗಳನ್ನು ತಡೆದು ಪ್ಯಾಸೆಂಜರಿಗೆ ದಾರಿ ಕಾಯ್ದಿಡುವುದು ಅಸಾಧ್ಯವಾದ ಕೋರಿಕೆಯೇನಲ್ಲ.

ಎರಡನೆಯ ಮಾತು, ರೈಲು ಹುಬ್ಬಳ್ಳಿಯಲ್ಲಿ ಮುಗಿಯಬಾರದು. ಗದಗದ ಹಳಿ, ಹಾವೇರಿಯ ಹಳಿ ಎರಡೂ ಹುಬ್ಬಳ್ಳಿಯನ್ನು ಹಾದು ನೇರವಾಗಿ ಧಾರವಾಡಕ್ಕೆ ಸಾಗುತ್ತವೆ. ಗದಗದಿಂದ ಧಾರವಾಡ ಸುಮಾರು 80 ಕಿಲೋಮೀಟರ್. ಬೇರೆ ಎಂಜಿನ್ ಇಲ್ಲದೆ ವಿದ್ಯುತ್ತಿನಿಂದ ಓಡುವ ಮೆಮು ಗಾಡಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಎಂಜಿನ್ ಬಿಚ್ಚಿ ತಿರುಗಿಸಿ ಜೋಡಿಸುವ ಕೆಲಸವಿಲ್ಲ. ಧಾರವಾಡ ಮುಟ್ಟಿದ ಗಾಡಿ ಸ್ವಲ್ಪ ಹೊತ್ತಿನಲ್ಲೇ ಮರಳಿ ಹೊರಡಬಹುದು, ಹುಬ್ಬಳ್ಳಿಯಲ್ಲಿ ಪ್ಲಾಟ್‌ಫಾರ್ಮನ್ನೂ ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ.

ಸಣ್ಣ ಹಾಲ್ಟ್‌ಗಳ, ಅಂದರೆ ಹಳ್ಳಿಯ ಪುಟ್ಟ ನಿಲ್ದಾಣಗಳ, ವಿಷಯ ನನಗೆ ಬಹಳ ನೋವಿನದು. ಅಲ್ಲಿ ಟಿಕೆಟ್ ಮಾರುವವರು ಕಮಿಷನ್ ಮೇಲೆ ದುಡಿಯುವ ಏಜೆಂಟರು. ನಿಲುಗಡೆ ತೆಗೆದರೆ ಕಮಿಷನ್ ಇಲ್ಲ, ಏಜೆಂಟ್ ಇಲ್ಲ, ಟಿಕೆಟ್ ಮಾರಾಟವೂ ಇಲ್ಲ. ಆಮೇಲೆ ಅದೇ ಸೊನ್ನೆಯನ್ನು ತೋರಿಸಿ ಬೇಡಿಕೆಯೇ ಇಲ್ಲವೆಂದು ಬರೆಯುವುದು ಅನ್ಯಾಯ. ಟಿಕೆಟ್ ಲೆಕ್ಕವನ್ನು ಪಕ್ಕಕ್ಕಿಟ್ಟು, ಆ ಊರಿನ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನಿಂತು ಯಾರು ಎಲ್ಲಿಗೆ ಹೊರಟಿದ್ದಾರೆ ಎಂದು ಕೇಳಿ ಬರೆದುಕೊಳ್ಳಬೇಕು.

ಬಸ್ಸಿನ ಮಾತು ಬಂದಿದ್ದರಿಂದ ಇನ್ನೊಂದನ್ನು ಹೇಳಲೇಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿದೆ, ಅದು ಒಳ್ಳೆಯದೇ. ಹಾಗಾಗಿ ಹತ್ತು ರೂಪಾಯಿಯ ಅಗ್ಗದ ಟಿಕೆಟ್ ಒಂದೇ ಅವರನ್ನು ರೈಲಿಗೆ ಕರೆತರಲಾರದು. ಸಮಯಕ್ಕೆ ಮುಟ್ಟುವ ಭರವಸೆ, ಕೂರಲು ಜಾಗ, ಶುಚಿಯಾದ ಶೌಚಾಲಯ, ಸಂಜೆ ದೀಪವಿರುವ ಪ್ಲಾಟ್‌ಫಾರ್ಮ್ ಕರೆತರಬಲ್ಲವು. ನೈರುತ್ಯ ರೈಲ್ವೆಯ ಮುಖ್ಯ ಕಚೇರಿಯೂ ವಾಯವ್ಯ ಸಾರಿಗೆ ಸಂಸ್ಥೆಯ ಮುಖ್ಯ ಕಚೇರಿಯೂ ಹುಬ್ಬಳ್ಳಿಯಲ್ಲೇ ಇವೆ. ಊರಿನಿಂದ ದೂರವಿರುವ ನಿಲ್ದಾಣಗಳಿಗೆ ರೈಲಿನ ವೇಳೆಗೆ ಸರಿಯಾಗಿ ಒಂದು ಬಸ್ ಬಿಡುವುದನ್ನು ಈ ಎರಡು ಕಚೇರಿಗಳು ಒಂದೇ ಮೇಜಿನ ಮುಂದೆ ಕೂತು ತೀರ್ಮಾನಿಸಬಹುದು.

ಹೀಗೆ ಹೊಂದಿಸಿದ ವೇಳಾಪಟ್ಟಿಯನ್ನು ಕನಿಷ್ಠ ಒಂದು ಪೂರ್ತಿ ಶೈಕ್ಷಣಿಕ ವರ್ಷ ಬದಲಿಸದೆ ಓಡಿಸಬೇಕು. ಜನ ತಿಂಗಳ ಪಾಸು ತೆಗೆಸುವುದು, ಹುಬ್ಬಳ್ಳಿಯ ಬಾಡಿಗೆ ರೂಮು ಬಿಟ್ಟು ಊರಿಂದಲೇ ಓಡಾಡಲು ನಿರ್ಧರಿಸುವುದು ರೈಲು ನಾಳೆಯೂ ಬರುತ್ತದೆಂಬ ನಂಬಿಕೆ ಹುಟ್ಟಿದ ಮೇಲೆಯೇ. ಮೂರು ತಿಂಗಳಿಗೇ ಲೆಕ್ಕ ತೆಗೆದು ರೈಲು ನಿಲ್ಲಿಸಿದರೆ ಆ ನಂಬಿಕೆ ಹುಟ್ಟುವುದಕ್ಕೆ ಸಮಯವೇ ಇರುವುದಿಲ್ಲ.