ಆರು ತಿಂಗಳಿಗೊಮ್ಮೆ ಬನ್ನಿ ಅಂತ ಹೇಳಿ ಕಳಿಸಿ

ಎಲ್ಲರಿಗೂ ನಮಸ್ಕಾರ. ಇವತ್ತು ಜುಲೈ 28, ಬರೂಕ್ ಬ್ಲೂಂಬರ್ಗ್ ಹುಟ್ಟಿದ ದಿನ. ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದವರು. ನೀವು ನರ್ಸಿಂಗ್ ಕೊನೇ ವರ್ಷದವರು, ವೈರಸ್ ಬಗ್ಗೆ ನಾನು ಪಾಠ ಮಾಡಬೇಕಿಲ್ಲ. ನನ್ನ ದೂರು ಒಂದೇ. ಈ ಕಾಯಿಲೆಯವರು ತಿರುಗಿ ಬರುವುದಿಲ್ಲ.

ಒಬ್ಬ ಲಾರಿ ಚಾಲಕರು ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟರು, ಬಿಸ್ಕತ್ತು ತಿಂದು ಹೋದರು. ಆಮೇಲೆ ಫೋನು ಬಂತು, ಎಚ್‌ಬಿಎಸ್‌ಎಜಿ ಪಾಸಿಟಿವ್, ಅಂದರೆ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ ಅಂತ. ಹೆದರಿಕೊಂಡು ಬಂದರು. ಲಿವರ್‌ಗೆ ಪೆಟ್ಟಾದರೆ ಏರುವ ಎಎಲ್‌ಟಿ ನಾರ್ಮಲ್, ರಕ್ತದಲ್ಲಿ ವೈರಸ್ಸಿನ ಡಿಎನ್‌ಎ ಕಡಿಮೆ, ಸ್ಕ್ಯಾನ್ ಚೆನ್ನಾಗಿದೆ. "ಸದ್ಯ ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ಬನ್ನಿ" ಅಂದೆ. ಮೊದಲರ್ಧ ಕೇಳಿಸಿತು. ಎರಡನೇ ಅರ್ಧಕ್ಕೆ ಅವರು ಬಾಗಿಲ ಹತ್ತಿರ ಇದ್ದರು, ಲೋಡು ಕಾಯುತ್ತಿತ್ತು ಪಾಪ. ಎಷ್ಟೋ ವರ್ಷ ಆದಮೇಲೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದರು. "ಒಂದು ದಿನಾನೂ ಕಣ್ಣು ಹಳದಿ ಆಗಿರಲಿಲ್ಲ ಸಾರ್" ಅಂತ ನನ್ನ ಮೇಲೇ ಸಿಟ್ಟು!

ಅವರು ಹೇಳಿದ್ದು ನಿಜವೇ. ಕಾಮಾಲೆ ಕಾಣಿಸದೆಯೇ ಲಿವರ್ ಗಟ್ಟಿಯಾಗುತ್ತದೆ. ಹೆರಿಗೆ ಹೊತ್ತಿಗೆ ತಾಯಿಯಿಂದ ಸೋಂಕು ತಗುಲಿದರೆ ನೂರಕ್ಕೆ ಸುಮಾರು 90 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ದೊಡ್ಡವರಲ್ಲಿ ನೂರಕ್ಕೆ 5ಕ್ಕಿಂತ ಕಡಿಮೆ. ಆ ಮಗುವಿನ ದೇಹ ಹತ್ತಾರು ವರ್ಷ ವೈರಸ್ಸಿನ ತಂಟೆಗೇ ಹೋಗುವುದಿಲ್ಲ. ಆಮೇಲೆ ಒಂದು ದಿನ ಜಗಳ ಶುರು. ಲಿವರ್ ಕೆಡುವುದು ಹೆಚ್ಚಾಗಿ ಈ ಜಗಳದಿಂದ, ವೈರಸ್ಸಿನಿಂದ ನೇರವಾಗಿ ಅಲ್ಲ. ಎಎಲ್‌ಟಿ ಏರುತ್ತದೆ, ಗಾಯದ ಕಲೆ ಉಳಿಯುತ್ತದೆ, ಮತ್ತೆ ತಣ್ಣಗಾಗುತ್ತದೆ. ಸ್ಟೆರಾಯ್ಡ್, ಕೀಮೋ ಕೊಟ್ಟಾಗ ಮತ್ತೆ ಕೆರಳಬಹುದು. ಹಾಗಾಗಿ ಒಂದು ರಿಪೋರ್ಟು ಆ ದಿನದ ಕಥೆ ಮಾತ್ರ ಹೇಳುತ್ತದೆ, ಅಲ್ವಾ? ಇನ್ನೊಂದು ವಿಷಯ, ಬಿ ಇದ್ದವರಿಗೆ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವುದು, ಇಲ್ಲದೆಯೂ ಲಿವರ್ ಕ್ಯಾನ್ಸರ್ ಬರಬಹುದು. ನಲವತ್ತು ದಾಟಿದ ಗಂಡಸರು, ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಆಗಿದ್ದವರು, ಇವರಿಗೆಲ್ಲ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬೇಕು. ಹೌದು, ಮತ್ತೆ ಅದೇ ಆರು ತಿಂಗಳು. ನಗಬೇಡಿ, ಇನ್ನೂ ಹೇಳುತ್ತೇನೆ.

ನಮ್ಮ ಚಾಲಕರಿಗೆ ವೈರಸ್ ಅದುಮಿಡುವ ಟೆನೊಫೊವಿರ್ ಶುರು ಮಾಡಿದೆವು. ದಿನಕ್ಕೊಂದು ಮಾತ್ರೆ. ನಿಧಾನವಾಗಿ ನೀರು ಇಳಿಯಿತು. ವರ್ಷಗಟ್ಟಲೆ ವೈರಸ್ ಅದುಮಿಟ್ಟರೆ ಕೆಲವರಲ್ಲಿ ಗಟ್ಟಿಯಾದ ಲಿವರ್ ಕೂಡ ಮೆತ್ತಗಾಗುತ್ತದೆ. ಆದರೆ ವೈರಸ್ ಪೂರ್ತಿ ಹೋಗುವುದು ಬಹಳ ಅಪರೂಪ. ಚೆನ್ನಾಗಿದ್ದೇನೆ ಅಂತ ಸುಮ್ನೆ ಮಾತ್ರೆ ಬಿಟ್ಟರೆ ಜೋರಾಗಿ ತಿರುಗಿ ಬರುತ್ತದೆ, ಪ್ರಾಣಕ್ಕೇ ಅಪಾಯ.

ಚೀಟಿ ಬಂತು. ಊಟ ರೆಡಿಯಂತೆ. ಹೆಪಟೈಟಿಸ್ ಸಿ ಸ್ಲೈಡುಗಳನ್ನು ಬಿಡುತ್ತೇನೆ, ಇಷ್ಟು ನೆನಪಿರಲಿ: ಅದಕ್ಕೆ ಲಸಿಕೆ ಇಲ್ಲ, ಆದರೆ ಹೆಚ್ಚಿನವರಿಗೆ 12 ವಾರ ಮಾತ್ರೆ ಸಾಕು, ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಿ, ಸಿ ಎರಡಕ್ಕೂ ಔಷಧಿ ಉಚಿತ. ಹೆರಿಗೆ ವಾರ್ಡಿಗೆ ಹೋಗುವವರು ಮಗುವಿಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ ಹಾಕಿಸಿ. ಭಾನುವಾರ ಅಂತ ಬಿಡಬೇಡಿ.

ಊಟಕ್ಕೆ ಏಳುವ ಮುಂಚೆ ಒಂದು ಪ್ರಶ್ನೆ. ನಿಮ್ಮಲ್ಲಿ ಬಿ ಲಸಿಕೆಯ ಮೂರೂ ಡೋಸ್ ಮುಗಿಸಿ, ರಕ್ತದಲ್ಲಿ ಆ್ಯಂಟಿಬಾಡಿ ರಕ್ಷಣೆಗೆ ಬೇಕಾದ 10 ದಾಟಿದೆಯಾ ಅಂತ ನೋಡಿಸಿಕೊಂಡವರು ಯಾರ್ಯಾರು? ಕೈ ಎತ್ತಿ ನೋಡೋಣ.